ಕೈಮಗ್ಗದ ತಾಯಿ ಕಮಲಾದೇವಿ ಚಟ್ಟೋಪಾಧ್ಯಾಯ

ಲಾತೂರಿಗೋ ಸೋಲಾಪುರಕ್ಕೋ ಹೋದಾಗ ದೊಡ್ಡ ಅರಿವೆ ಅಂಗಡಿಗಳ ಮುಂದೆ ನಮ್ಮ ಮಕ್ಕಳು ತಾವಾಗಿಯೇ ನಿಂತುಬಿಡುವುದುಂಟು. ಒಳಗೆ ಹೋಗುವ ವಿಚಾರವಿರುವುದಿಲ್ಲ, ಕೊಳ್ಳುವ ಹಣವೂ ಕೈಯಲ್ಲಿರುವುದಿಲ್ಲ. ಆದರೂ ಕಾಲು ಮುಂದೆ ಸಾಗುವುದಿಲ್ಲ. ಅಂಗಡಿಯ ಮುಖಕ್ಕೆ ಆಳೆತ್ತರದ ಗಾಜು, ಗಾಜಿನ ಹಿಂದೆ ಒಂದು ಬೊಂಬೆ, ಬೊಂಬೆಯ ಮೈಮೇಲೆ ಒಂದೇ ಒಂದು ಇಲಕಲ್ಲ ಸೀರೆ, ಎಲ್ಲಿಂದ ಬರುತ್ತದೆಂದು ತಿಳಿಯದ ಬೆಳಕು. ಅಂಥದೇ ಸೀರೆ ನಮ್ಮ ಮನೆಯಲ್ಲಿ ಅಜ್ಜಿಯ ಟ್ರಂಕಿನಲ್ಲಿಯೂ ಇದೆ. ಸಂತೆಯ ದಿನ ವ್ಯಾಪಾರಿ ಗಂಟು ಬಿಚ್ಚಿ ಹರವಿದ ರಾಶಿಯಲ್ಲಿಯೂ ಇದೆ. ಅಲ್ಲಿ ಅದನ್ನು ನಾವು ತಿರುಗಿ ನೋಡುವುದಿಲ್ಲ. ಗಾಜಿನ ಹಿಂದೆ ನಿಂತ ಕೂಡಲೇ ಅದು ರಾಣಿಯಂತೆ ಕಾಣುತ್ತದೆ. ಸೀರೆ ಅದೇ, ನೂಲು ಅದೇ, ನೇಯ್ದ ಕೈಯೂ ಅದೇ. ಹಾಗಾದರೆ ಬದಲಾದದ್ದು ಯಾವುದು?

ಬದಲಾದದ್ದು ಅದನ್ನು ತೋರಿಸುವ ರೀತಿ. ಅಂಗಡಿಯ ಗಾಜನ್ನು ಅಲಂಕರಿಸುವುದು ಒಂದು ಕಲೆ. ಪಶ್ಚಿಮದ ನಗರಗಳಲ್ಲಿ ದೊಡ್ಡ ಅಳತೆಯ ಗಾಜು ಸುಲಭವಾಗಿ ದೊರೆಯತೊಡಗಿ, ವಿದ್ಯುದ್ದೀಪವೂ ಬಂದ ಮೇಲೆ ಈ ಕಲೆ ಬೆಳೆಯಿತು. ಅಮೇರಿಕೆಯ ಶಿಕಾಗೋ ನಗರದಲ್ಲಿ ಎಲ್. ಫ್ರ್ಯಾಂಕ್ ಬಾಮ್ ಎಂಬವರು 1897ರಲ್ಲಿ ಗಾಜಿನ ಅಲಂಕಾರ ಮಾಡುವವರಿಗಾಗಿಯೇ ಒಂದು ಮಾಸಪತ್ರಿಕೆ ಹೊರಡಿಸಿದರು. 1900ರಲ್ಲಿ ಅದೇ ವಿಷಯದ ಮೇಲೆ ಒಂದು ಪುಸ್ತಕವನ್ನೂ ಬರೆದರು. ಅದೇ ವರ್ಷ ಅವರು ಬರೆದ ಇನ್ನೊಂದು ಪುಸ್ತಕವೇ ಓಜ್ ನಾಡಿನ ಮಾಂತ್ರಿಕನ ಕಥೆ. ಜಗತ್ತಿನ ಮಕ್ಕಳೆಲ್ಲ ಓದಿದ ಕಥೆಯನ್ನು ಬರೆದ ಕೈಯೇ ಅಂಗಡಿಯ ಗಾಜಿಗೆ ಅಲಂಕಾರದ ಪಾಠವನ್ನೂ ಬರೆದಿತ್ತು! ಲಂಡನ್ನಿನಲ್ಲಿ 1909ರಲ್ಲಿ ತನ್ನ ಹೆಸರಿನ ಭಾರೀ ಅಂಗಡಿ ತೆರೆದ ಸೆಲ್ಫ್ರಿಜ್ ಎಂಬ ವ್ಯಾಪಾರಿ, ರಾತ್ರಿ ಬಾಗಿಲು ಹಾಕಿದ ಮೇಲೂ ಗಾಜಿನ ಹಿಂದಿನ ದೀಪಗಳನ್ನು ಉರಿಸಿಟ್ಟನು. ಅಂಗಡಿ ಮಲಗಿದರೂ ಅದರ ಕಣ್ಣು ತೆರೆದೇ ಇರುತ್ತಿತ್ತು.

ಈ ಕಲೆಯ ಸೂತ್ರಗಳು ಸರಳ. ದಾರಿಹೋಕನ ಕಣ್ಣು ಗಾಜಿನ ಮೇಲೆ ನಿಲ್ಲುವುದು ಕೆಲವೇ ಕ್ಷಣ. ಆದುದರಿಂದ ಹತ್ತು ವಸ್ತು ತುಂಬುವ ಬದಲು ಒಂದನ್ನೇ ಮುಖ್ಯವಾಗಿಡಬೇಕು. ಅದು ನೋಡುವವನ ಕಣ್ಣಿನ ಮಟ್ಟಕ್ಕೆ ಇರಬೇಕು. ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಸುತ್ತಲೂ ಬರಿದಾದ ಜಾಗ ಬಿಡಬೇಕು, ಏಕೆಂದರೆ ಬರಿದಾದ ಜಾಗವೇ ವಸ್ತುವಿಗೆ ಕೊಡುವ ಗೌರವ. ಹಬ್ಬಕ್ಕೆ, ಋತುವಿಗೆ ತಕ್ಕಂತೆ ನೋಟ ಬದಲಾಗುತ್ತಿರಬೇಕು. ಒಟ್ಟಿನಲ್ಲಿ ಅದೊಂದು ಚಿಕ್ಕ ನಾಟಕದ ರಂಗ. ಪಾತ್ರ ಮಾತಾಡುವುದಿಲ್ಲ, ಆದರೆ ಕಥೆ ಹೇಳುತ್ತದೆ.

ಆದರೆ ಈ ರಂಗದ ಮೇಲೆ ಯಾರನ್ನು ತಂದು ನಿಲ್ಲಿಸಬೇಕು? ಇದು ದೊಡ್ಡ ಪ್ರಶ್ನೆ. ಪರರ ಆಳಿಕೆಯ ಕಾಲದಲ್ಲಿ ನಮ್ಮ ನಗರಗಳ ಸಿರಿವಂತ ಅಂಗಡಿಗಳಲ್ಲಿ ಮಾನದ ಜಾಗವೆಲ್ಲ ವಿದೇಶದ ಸಾಮಾನಿಗೆ ಮೀಸಲಾಗಿತ್ತು. ಹಳ್ಳಿಯ ನೇಕಾರನ ಬಟ್ಟೆ, ಕುಂಬಾರನ ಮಡಕೆ, ಕಸೂತಿಯ ಕುಪ್ಪಸ ಇವೆಲ್ಲ ಸಂತೆಯ ಸರಕು ಎಂದೇ ಜನ ತಿಳಿದಿದ್ದರು. ಇವು ರಾಜಧಾನಿಯ ಅಂಗಡಿಯಲ್ಲಿ, ಬೆಳಕಿನ ಕೆಳಗೆ, ತಲೆಯೆತ್ತಿ ನಿಲ್ಲತಕ್ಕ ವಸ್ತುಗಳು ಎಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ನಮ್ಮ ಕನ್ನಡ ನಾಡಿನ ಕರಾವಳಿಯ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಅವರ ಜೀವನವನ್ನು ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸಬೇಕೆಂದು ನಮ್ಮ ಆಶೆ.

ಬಾಲ್ಯ ಮತ್ತು ಶಿಕ್ಷಣ

ಕಮಲಾದೇವಿಯವರು 1903ರ ಎಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ, ಸರಕಾರದಲ್ಲಿ ಜಿಲ್ಲಾ ಕಲೆಕ್ಟರರಾಗಿದ್ದವರು. ತಾಯಿ ಗಿರಿಜಾಬಾಯಿ, ಓದಿನಲ್ಲಿ ಆಸಕ್ತಿಯುಳ್ಳ ದಿಟ್ಟ ಹೆಣ್ಣುಮಗಳು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಮತ್ತು ತುಳು. ಮನೆಯೊಳಗೊಂದು ಮಾತು, ಬೀದಿಯಲ್ಲೊಂದು ಮಾತು ಆಡುತ್ತ ಬೆಳೆಯುವ ನಮ್ಮ ಗಡಿಯ ಮಕ್ಕಳಿಗೆ ಇದೇನೂ ಹೊಸದಲ್ಲ. ಇಂಥ ಊರಿನಲ್ಲಿ ಬೆಳೆದ ಮಗುವಿಗೆ ಬೇರೆಯವರ ಮಾತು, ಬೇರೆಯವರ ಉಡುಗೆ, ಬೇರೆಯವರ ಅಡಿಗೆ ಯಾವುದೂ ಪರಕೀಯವೆನಿಸುವುದಿಲ್ಲ. ಮುಂದೆ ಭಾರತದ ಮೂಲೆ ಮೂಲೆಯ ಕುಶಲಕರ್ಮಿಗಳ ಮನೆಯಲ್ಲಿ ಅವರು ಮನೆಯವರಂತೆ ಬೆರೆತದ್ದಕ್ಕೆ ಬೀಜ ಇಲ್ಲಿಯೇ ಬಿದ್ದಿರಬೇಕು.

ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಅವರು ಮೃತ್ಯುಪತ್ರ ಬರೆದಿರಲಿಲ್ಲ. ಅಂದಿನ ಕಾಯಿದೆಯ ಪ್ರಕಾರ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೆ, ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲ. ತಾಯಿಗೆ ತಿಂಗಳಿಗೆ ಇಷ್ಟೆಂದು ಜೀವನಾಂಶ ಕೊಡಲು ಮುಂದಾದರು. ಹಕ್ಕು ಇಲ್ಲದ ಕಡೆ ಭಿಕ್ಷೆ ಬೇಡವೆಂದು ಗಿರಿಜಾಬಾಯಿ ಅದನ್ನು ನಿರಾಕರಿಸಿ, ತಮ್ಮ ತವರಿನಿಂದ ಬಂದದ್ದರಲ್ಲಿಯೇ ಮಗಳನ್ನು ಸಾಕಿದರು. ದೊಡ್ಡ ಮನೆಯಲ್ಲಿ ಹುಟ್ಟಿ ಒಂದೇ ದಿನದಲ್ಲಿ ಏನೂ ಇಲ್ಲದವರಾಗುವುದೆಂದರೆ ಏನೆಂಬುದನ್ನು ಆ ಮಗು ಕಣ್ಣಾರೆ ಕಂಡಿತು. ದುಡಿಯುವ ಕೈಗೆ ತನ್ನ ದುಡಿಮೆಯ ಮೇಲೆ ಹಕ್ಕಿರಬೇಕೆಂಬ ವಿಚಾರ ಅವರನ್ನು ಜೀವಮಾನವೆಲ್ಲ ಬಿಡಲಿಲ್ಲ.

1917ರಲ್ಲಿ, ಹದಿನಾಲ್ಕನೆಯ ವರ್ಷಕ್ಕೆ, ಅವರ ಲಗ್ನವಾಯಿತು. 1919ರಲ್ಲಿ ಗಂಡನು ತೀರಿಕೊಂಡನು. ಬಾಲವಿಧವೆಯೆಂದರೆ ಮನೆಯ ಮೂಲೆಯೇ ಗತಿ ಎಂದಿದ್ದ ಕಾಲವದು. ಆದರೆ ತಾಯಿ ಮಗಳ ಕೈಯಿಂದ ಪುಸ್ತಕ ಕಸಿಯಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಅವರು ಓದು ಮುಂದುವರಿಸಿದರು. ಅಲ್ಲಿ ಸರೋಜಿನಿ ನಾಯಡು ಅವರ ತಂಗಿ ಸುಹಾಸಿನಿಯ ಪರಿಚಯವಾಯಿತು. ಆಕೆಯ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಹರೀಂದ್ರನಾಥರು ಕವಿ, ನಟ, ನಾಟಕಕಾರ. ವಿಧವೆಯ ಮರುವಿವಾಹ, ಅದೂ ಬೇರೆ ಪ್ರಾಂತದವರೊಡನೆ ಎಂದು ಅನೇಕರು ಮುಖ ತಿರುಗಿಸಿದರೂ ಇಬ್ಬರೂ ಮದುವೆಯಾದರು. ಅವರಿಗೆ ರಾಮಕೃಷ್ಣ ಎಂಬ ಮಗನು ಹುಟ್ಟಿದನು. ಈ ಸಂಸಾರ ಮುಂದೆ ಮುರಿಯಿತಾದರೂ ರಂಗಭೂಮಿಯ ಮೇಲಣ ಪ್ರೀತಿ ಕಮಲಾದೇವಿಯವರಲ್ಲಿ ಕೊನೆಯವರೆಗೆ ಉಳಿಯಿತು.

ಗಣ್ಯ ಮನೆತನದ ಸ್ತ್ರೀಯರು ರಂಗದ ಮೇಲೆ ಬರುವುದು ಅವಮಾನವೆಂದು ಎಣಿಸಿದ್ದ ದಿನಗಳಲ್ಲಿ ಅವರು ಬಣ್ಣ ಹಚ್ಚಿದರು. 1931ರ ಸುಮಾರಿಗೆ ತೆರೆಗೆ ಬಂದ, ಕನ್ನಡ ನಾಡಿನ ಮೊದಲ ಮೂಕಚಿತ್ರಗಳಲ್ಲಿ ಒಂದೆಂದು ಹೆಸರಾದ ‘ಮೃಚ್ಛಕಟಿಕ’ದಲ್ಲಿ ಅವರು ಪಾತ್ರ ವಹಿಸಿದರು. ಅದೇ ಚಿತ್ರದಲ್ಲಿ ನಮ್ಮ ಟಿ. ಪಿ. ಕೈಲಾಸಂ ಅವರೂ ಇದ್ದರು. ಬೆಳಕು ಎಲ್ಲಿ ಬೀಳಬೇಕು, ಯಾವ ಬಣ್ಣದ ಮುಂದೆ ಯಾವ ಬಣ್ಣ ಎದ್ದು ಕಾಣುತ್ತದೆ, ಒಂದು ವಸ್ತುವನ್ನು ಎಲ್ಲಿಟ್ಟರೆ ಪ್ರೇಕ್ಷಕನ ಕಣ್ಣು ಅದರ ಮೇಲೆ ಹೋಗುತ್ತದೆ ಎಂಬುದನ್ನು ರಂಗಭೂಮಿ ಕಲಿಸಿದಷ್ಟು ಚೆನ್ನಾಗಿ ಬೇರೆ ಯಾವ ಪಾಠಶಾಲೆಯೂ ಕಲಿಸಲಾರದು.

ಒಂದು ಹಿಡಿ ಉಪ್ಪು

ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಅವರಿಗೆ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಮುಟ್ಟಿತು. ದೇಶಕ್ಕೆ ಮರಳಿ ಸೇವಾದಳವನ್ನು ಸೇರಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತರು. ಹೆಂಗಸೊಬ್ಬಳು ಹೀಗೆ ಮತ ಕೇಳಲು ನಿಂತದ್ದು ದೇಶಕ್ಕೇ ಹೊಸದು. ಅತ್ಯಲ್ಪ ಮತಗಳಿಂದ ಸೋತರೂ ದಾರಿ ತೆರೆಯಿತು. 1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸ್ಥಾಪನೆಯಾದಾಗ ಅದರ ಸಂಘಟನೆಯ ಭಾರ ಅವರ ಹೆಗಲಿಗೇ ಬಂದಿತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮೊದಲು ಸ್ತ್ರೀಯರಿಗೆ ಜಾಗವಿರಲಿಲ್ಲ. ಕಮಲಾದೇವಿಯವರು ಗಾಂಧೀಜಿಯವರನ್ನು ಕಂಡು, ಹೆಣ್ಣುಮಕ್ಕಳನ್ನು ಹೊರಗಿಟ್ಟು ನಡೆಯುವ ಹೋರಾಟ ಅರ್ಧ ಹೋರಾಟವೆಂದು ವಾದಿಸಿ ಒಪ್ಪಿಸಿದರು. ಮುಂಬಯಿಯ ಸಮುದ್ರತೀರದಲ್ಲಿ ಉಪ್ಪು ತಯಾರಿಸಲು ಆರಿಸಿದ ಏಳು ಜನರ ತಂಡದಲ್ಲಿ ಇಬ್ಬರು ಸ್ತ್ರೀಯರಿದ್ದರು. ಒಬ್ಬರು ಕಮಲಾದೇವಿ, ಇನ್ನೊಬ್ಬರು ಅವಂತಿಕಾಬಾಯಿ ಗೋಖಲೆ. ಕಾಯ್ದೆ ಮುರಿದು ಮಾಡಿದ ಉಪ್ಪನ್ನು ಚಿಕ್ಕ ಪೊಟ್ಟಣಗಳಲ್ಲಿ ಕಟ್ಟಿ ಅವರು ಮಾರಿದ್ದೆಲ್ಲಿ? ಮುಂಬಯಿಯ ಶೇರು ಪೇಟೆಯೊಳಗೆ ನುಗ್ಗಿ, ಲಕ್ಷಾಧೀಶರ ಮುಂದೆ! ಅದಕ್ಕಾಗಿ ಸೆರೆಮನೆ ಸೇರಿದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಂದು ಹಿಡಿ ಉಪ್ಪಿಗೆ ಕಿರಾಣಿ ಅಂಗಡಿಯಲ್ಲಿ ಬೆಲೆಯೇ ಇಲ್ಲ. ಅದೇ ಉಪ್ಪನ್ನು ತಕ್ಕ ಸ್ಥಳದಲ್ಲಿ, ತಕ್ಕ ಸಮಯಕ್ಕೆ, ತಕ್ಕ ಕಥೆಯೊಡನೆ ಹಿಡಿದು ನಿಂತಾಗ ಧನಿಕರೂ ಥೈಲಿ ಬಿಚ್ಚಿದರು. ವಸ್ತುವಿನ ಬೆಲೆ ಅದರ ತೂಕದಲ್ಲಿ ಮಾತ್ರ ಇಲ್ಲ, ಅದರ ಹಿಂದಿರುವ ದುಡಿಮೆ ಮತ್ತು ಧ್ಯೇಯ ನೋಡುವವನಿಗೆ ಕಂಡಾಗಲೇ ಪೂರ್ಣವಾಗುತ್ತದೆ. ಮುಂದೆ ನೇಕಾರರ ಸೀರೆಗೆ ಅವರು ಮಾಡಿದ್ದೂ ಇದನ್ನೇ.

ನಿರಾಶ್ರಿತರಿಂದ ಎಂಪೋರಿಯಮ್ಮಿಗೆ

1947ರಲ್ಲಿ ಸ್ವಾತಂತ್ರ್ಯ ಬಂದಿತು, ಜೊತೆಗೆ ದೇಶವಿಭಜನೆಯೂ ಬಂದಿತು. ಮನೆಮಾರು ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದ ಲಕ್ಷಾಂತರ ಜನ ದಿಲ್ಲಿಯ ಸುತ್ತಮುತ್ತ ಡೇರೆಗಳಲ್ಲಿ ಕುಳಿತರು. ಹೋರಾಟದ ಅನೇಕ ಸಂಗಾತಿಗಳು ಅಧಿಕಾರದ ಕುರ್ಚಿಗಳತ್ತ ನಡೆದಾಗ ಕಮಲಾದೇವಿಯವರು ಈ ಡೇರೆಗಳತ್ತ ನಡೆದರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿದರು. ದಿಲ್ಲಿಯ ಸಮೀಪದ ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರು ತಮ್ಮ ಕೈಯಿಂದಲೇ ತಮ್ಮ ಊರು ಕಟ್ಟಿಕೊಳ್ಳುವಂತೆ ಮಾಡಿದ ಕೆಲಸದಲ್ಲಿ ಈ ಸಂಘದ ಪಾಲು ದೊಡ್ಡದು. ಧರ್ಮಕ್ಕೆ ಕೊಟ್ಟ ಊಟ ಒಂದು ದಿನ, ಕೈಗೆ ಕೊಟ್ಟ ಕೆಲಸ ಜೀವಮಾನ ಎಂಬುದು ಅವರ ನಂಬಿಕೆಯಾಗಿತ್ತು.

ನಿರಾಶ್ರಿತರ ಕೈಯಲ್ಲಿ ಏನಿತ್ತು? ಹೆಂಗಸರಿಗೆ ಹೆಣಿಗೆ ಹೊಲಿಗೆ ಗೊತ್ತಿತ್ತು, ಗಂಡಸರಿಗೆ ಮಗ್ಗ, ಮರಗೆಲಸ, ಕಂಚುಗಾರಿಕೆ ಗೊತ್ತಿತ್ತು. ಮಾಡಿದ ಮಾಲನ್ನು ಮಾರುವುದು ಮಾತ್ರ ಗೊತ್ತಿರಲಿಲ್ಲ. ಇದು ನಿರಾಶ್ರಿತರೊಬ್ಬರದೇ ಕಷ್ಟವಲ್ಲ, ಇಡೀ ದೇಶದ ಕುಶಲಕರ್ಮಿಗಳ ಕಷ್ಟ. ರಾಜರು ಹೋದರು, ದರಬಾರುಗಳು ಮುಚ್ಚಿದವು, ಗಿರಣಿಯ ಅಗ್ಗದ ಬಟ್ಟೆ ಹಳ್ಳಿ ಹಳ್ಳಿಗೂ ಬಂದಿತು. ನೂರಾರು ವರ್ಷ ಕಲೆಯನ್ನು ಕಾಪಾಡಿದ್ದ ಗಿರಾಕಿಯೇ ಮಾಯವಾದನು. ಹೊಸ ಗಿರಾಕಿ ನಗರದಲ್ಲಿದ್ದನು, ಆದರೆ ಅವನು ಹಳ್ಳಿಗೆ ಬರುವವನಲ್ಲ.

ಸರಕಾರವು 1948ರಲ್ಲಿ ದಿಲ್ಲಿಯಲ್ಲಿ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಮ್ ಎಂಬ ಗೃಹೋದ್ಯೋಗಗಳ ಮಾರಾಟ ಮಳಿಗೆಯನ್ನು ತೆರೆದಿತ್ತು. 1952ರಲ್ಲಿ ಅದರ ಆಡಳಿತವನ್ನು ಕಮಲಾದೇವಿಯವರ ಸಹಕಾರ ಸಂಘಕ್ಕೆ ಒಪ್ಪಿಸಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದರ ಅಧ್ಯಕ್ಷತೆಯೂ ಅವರಿಗೆ ಬಂದಿತು. ಒಂದು ಕೈಯಲ್ಲಿ ಹಳ್ಳಿಯ ಕುಶಲಕರ್ಮಿ, ಇನ್ನೊಂದು ಕೈಯಲ್ಲಿ ರಾಜಧಾನಿಯ ಅಂಗಡಿ. ಇವೆರಡನ್ನೂ ಕೂಡಿಸುವುದೇ ಅವರ ಮುಂದಿನ ಜೀವನವಾಯಿತು.

ದಿಲ್ಲಿಯ ಜನಪಥದ ಈ ಮಳಿಗೆಗೆ ನಗರದ ಸಿರಿವಂತರು ಬಂದರು, ಹೊರದೇಶದ ರಾಯಭಾರಿಗಳು, ಪ್ರವಾಸಿಗಳು ಬಂದರು. ಅಲ್ಲಿಯವರೆಗೆ ಬಡವರ ಸರಕೆಂದು ಎಣಿಸಿದ್ದ ಕೈಮಗ್ಗದ ಬಟ್ಟೆಯನ್ನು ಉಡುವುದು ಸುಸಂಸ್ಕೃತರ ಲಕ್ಷಣವೆನಿಸತೊಡಗಿತು. ಗಾಜಿನ ಹಿಂದೆ ನಿಂತು ಬೊಂಬೆಗೆ ಸೀರೆ ಉಡಿಸುವವರು ಬೇರೆ ಇರುತ್ತಾರೆ. ಆ ಗಾಜಿನ ಹಿಂದೆ ಯಾವ ಸೀರೆ ಬರಬೇಕು, ಅದನ್ನು ಯಾರು ನೇಯ್ದಿರಬೇಕು, ಬಂದ ಹಣ ಯಾರಿಗೆ ಮುಟ್ಟಬೇಕು ಎಂಬ ಮೂರು ಪ್ರಶ್ನೆಗಳನ್ನು ಎತ್ತಿದವರು ಕಮಲಾದೇವಿ.

ಹುಡುಕಾಟದ ವರ್ಷಗಳು

ಅವರು ದಿಲ್ಲಿಯ ಕಚೇರಿಯಲ್ಲಿ ಕುಳಿತು ಮಂಡಳಿ ನಡೆಸಲಿಲ್ಲ. ರೈಲು, ಬಸ್ಸು, ಜೀಪು ಸಿಕ್ಕಿದ್ದರಲ್ಲಿ ಹಳ್ಳಿಗಳನ್ನು ಸುತ್ತಿದರು. ಯಾವ ಊರಿನಲ್ಲಿ ಯಾವ ಕಲೆ ಉಸಿರು ಹಿಡಿದಿದೆ, ಯಾವ ಮುದುಕನೊಬ್ಬನಿಗೆ ಮಾತ್ರ ಇನ್ನೂ ಬರುತ್ತದೆ ಎಂದು ಹುಡುಕಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಕಲಂಕಾರಿ ಅಳಿಯುವ ಅಂಚಿನಲ್ಲಿತ್ತು. 1950ರ ದಶಕದಲ್ಲಿ ಅಲ್ಲಿ ಮಂಡಳಿಯ ವತಿಯಿಂದ ತರಬೇತಿ ಕೇಂದ್ರ ನಡೆದು ಹೊಸ ತಲೆಮಾರು ತಯಾರಾಯಿತು. ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳಾದವು. 1956ರಲ್ಲಿ ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಆರಂಭವಾಯಿತು. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪರಿಪಾಠ ಬಂದಿತು. ಅಲ್ಲಿಯವರೆಗೆ ಹೆಸರೇ ಇಲ್ಲದೆ ದುಡಿದಿದ್ದ ಕೈಗಳಿಗೆ ದೇಶವು ಹೆಸರು ಹಿಡಿದು ಕರೆದು ಮನ್ನಣೆ ಕೊಟ್ಟಿತು. ಮುದಿ ಕುಶಲಕರ್ಮಿಗಳು ತಲೆಯ ರುಮಾಲು ತೆಗೆದು ಅವರ ಪಾದದ ಬಳಿ ಇಡುತ್ತಿದ್ದರೆಂದೂ ನೇಕಾರರು ಅವರನ್ನು ಕೈಮಗ್ಗದ ತಾಯಿ ಎಂದು ಕರೆಯುತ್ತಿದ್ದರೆಂದೂ ಇಂದಿಗೂ ಹೇಳುತ್ತಾರೆ.

ಒಂದು ಕಲೆಯನ್ನು ಅರಿಯದೆ ಅದನ್ನು ತೋರಿಸಲು ಬರುವುದಿಲ್ಲ. ನಮಗೆ ಹತ್ತಿರದ ಉದಾಹರಣೆಗಳನ್ನೇ ನೋಡೋಣ. ನಮ್ಮ ಉದಗೀರದ ಆಚೆ ಬೀದರವಿದೆ. ಅಲ್ಲಿಯ ಬಿದರಿ ಕಲೆ ಬಹಮನಿ ಸುಲ್ತಾನರ ಕಾಲದಿಂದ ಬಂದದ್ದು. ಸತು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು ಹೂಜಿ, ತಟ್ಟೆ, ಡಬ್ಬಿಗಳನ್ನು ಮಾಡುತ್ತಾರೆ. ಅದರ ಮೇಲೆ ಉಳಿಯಿಂದ ಬಳ್ಳಿ ಹೂವು ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ತಿಕ್ಕಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇಂಥ ಹೂಜಿಯನ್ನು ಹತ್ತು ಹಿತ್ತಾಳೆ ಪಾತ್ರೆಗಳ ನಡುವೆ ಇಟ್ಟರೆ ಅದು ಮಸಿ ಹಿಡಿದ ತಂಬಿಗೆಯಂತೆ ಕಾಣುತ್ತದೆ. ಒಂದೇ ಹೂಜಿಯನ್ನು ಹಾಲುಬಣ್ಣದ ಬಟ್ಟೆಯ ಮುಂದಿಟ್ಟು ಪಕ್ಕದಿಂದ ಬೆಳಕು ಬಿಟ್ಟರೆ ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಮೂಡಿದಂತೆ ಬೆಳ್ಳಿಯ ಗೆರೆಗಳು ಬೆಳಗುತ್ತವೆ.

ಇಲಕಲ್ಲ ಸೀರೆಯದೂ ಹಾಗೆಯೇ. ಅದರ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಸಾಲಾಗಿ ನಿಲ್ಲುತ್ತವೆ. ಮಡಿಕೆ ಮಾಡಿ ಕಪಾಟಿನಲ್ಲಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ. ಸೆರಗನ್ನು ಇಳಿಬಿಟ್ಟು ತೋರಿಸಿದಾಗಲೇ ನೇಕಾರನ ಶ್ರಮ ಕಣ್ಣಿಗೆ ಬೀಳುತ್ತದೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿ ಮತ್ತು ಮುರಗಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಮಗ್ಗಲು ಒಂದೇ ರೀತಿ ಕಾಣುತ್ತವೆ. ಅದನ್ನು ಗೋಡೆಗೆ ಅಂಟಿಸಿದರೆ ಅರ್ಧ ಕಲೆಯನ್ನು ಬಚ್ಚಿಟ್ಟಂತೆ. ಕೆಳಗೊಂದು ಕನ್ನಡಿ ಇಟ್ಟರೆ ಸಾಕು, ಹಿಂಬದಿಯೂ ಕಾಣಿಸಿ ನೋಡುವವರು ಬೆರಗಾಗುತ್ತಾರೆ. ಅಲಂಕಾರವೆಂದರೆ ಬಣ್ಣದ ಕಾಗದ, ಮಿಣುಕು ದೀಪ ತೂಗುಬಿಡುವುದೆಂದು ನಮ್ಮ ತಿಳುವಳಿಕೆ. ವಸ್ತುವಿನ ಒಳಗಿನ ಗುಣ ಎಲ್ಲಿದೆಯೆಂದು ತಿಳಿದು ಅದನ್ನು ಕಣ್ಣಿಗೆ ಕಾಣಿಸುವುದೇ ನಿಜವಾದ ಅಲಂಕಾರ.

ಗಾಜಿನ ಇನ್ನೊಂದು ಮಗ್ಗಲು

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗಾಜಿಗೆ ತೋರಿಸಲೂ ಬರುತ್ತದೆ, ಮರೆಮಾಡಲೂ ಬರುತ್ತದೆ. ಸಿರಿವಂತರ ಅಂಗಡಿಯಲ್ಲಿ ಹದಿನೈದು ಇಪ್ಪತ್ತು ಸಾವಿರಕ್ಕೆ ಮಾರುವ ಸೀರೆಯಲ್ಲಿ ನೇಕಾರನ ಕೈಗೆ ಬಂದದ್ದೆಷ್ಟು ಎಂದು ಗಾಜು ಹೇಳುವುದಿಲ್ಲ. ವಿದ್ಯುತ್ ಮಗ್ಗದಲ್ಲಿ ನೇಯ್ದ ನಕಲು ಸೀರೆಯನ್ನೂ ಅದೇ ಬೆಳಕಿನಲ್ಲಿ ನಿಲ್ಲಿಸಿದರೆ ಕಣ್ಣು ಮೋಸಹೋಗುತ್ತದೆ. ಕೊಳ್ಳುವವನು ಹೊರಗೆ, ನೇಯುವವನು ಇನ್ನೂ ಹೊರಗೆ, ಲಾಭ ಮಾತ್ರ ಒಳಗೆ ಎಂಬಂತಾಗಬಾರದು.

ಆದುದರಿಂದಲೇ ಕಮಲಾದೇವಿಯವರು ಸಹಕಾರ ತತ್ವವನ್ನು ಹಿಡಿದರು. ಅಂಗಡಿ ಮತ್ತು ಮಗ್ಗ ಒಂದೇ ಕುಟುಂಬದವು ಎನಿಸಬೇಕು. ಮಗ್ಗ ಉಳಿಯದೆ ಅಂಗಡಿ ಮಾತ್ರ ಉಳಿದರೆ ಅದು ಬೇರು ಕಡಿದ ಗಿಡಕ್ಕೆ ಹೂ ಮುಡಿಸಿದಂತೆ. ತಂದೆಯ ಮನೆಯಲ್ಲಿ ತಾಯಿಗೆ ಪಾಲಿಲ್ಲದ್ದನ್ನು ಕಂಡಿದ್ದ ಮಗಳು, ನೇಕಾರನ ದುಡಿಮೆಯಲ್ಲಿ ನೇಕಾರನಿಗೇ ಪಾಲಿಲ್ಲದಂತಾಗಲು ಬಿಡುವುದು ಸಾಧ್ಯವಿರಲಿಲ್ಲ. ಅವರ ದಾರಿ ಎಲ್ಲ ಕಡೆ ಗೆದ್ದಿತೆಂದು ಹೇಳಲಾಗದು. ಎಂಪೋರಿಯಮ್ ಮುಂದೆ ಸಹಕಾರ ಸಂಘದ ಕೈಯಲ್ಲಿ ಉಳಿಯಲಿಲ್ಲ. 1976ರಲ್ಲಿ ಅದಕ್ಕಾಗಿ ಸರಕಾರಿ ನಿಗಮ ರಚನೆಯಾಯಿತು. ಅನೇಕ ಊರುಗಳಲ್ಲಿ ನೇಕಾರರ ಮಕ್ಕಳು ಮಗ್ಗ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಆದರೂ ಅವರು ಹಾಕಿದ ಪ್ರಶ್ನೆ ಸಾಯಲಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ನಿಜವಾದ ಕೈಮಗ್ಗದ ಬಟ್ಟೆಯನ್ನು ಗುರುತಿಸಲು ಕೈಮಗ್ಗದ ಮುದ್ರೆ 2006ರಲ್ಲಿ ಬಂದಿತು. ಬಿದರಿಗೂ ಇಲಕಲ್ಲ ಸೀರೆಗೂ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿಯವರು ಬಿದರಿ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ನೆರೆಯ ಊರಿನ ಕುಶಲಕರ್ಮಿಯೊಬ್ಬರು ರಾಷ್ಟ್ರಪತಿ ಭವನದ ಬೆಳಕಿನಲ್ಲಿ ನಿಂತದ್ದನ್ನು ಕಂಡಾಗ ನಮಗೆ ಕಮಲಾದೇವಿಯವರ ನೆನಪಾಯಿತು.

ಜಗತ್ತಿನ ಅಂಗಳದಲ್ಲಿ

ಕಮಲಾದೇವಿಯವರ ದೃಷ್ಟಿ ಒಂದು ದೇಶಕ್ಕೆ ಸೀಮಿತವಾಗಿರಲಿಲ್ಲ. ಅಮೇರಿಕೆಯ ಐಲೀನ್ ಆಸ್ಬಾರ್ನ್ ವೆಬ್ ಎಂಬ ಮಹಿಳೆ ತಮ್ಮ ದೇಶದ ಕುಶಲಕರ್ಮಿಗಳಿಗಾಗಿ 1940ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮಳಿಗೆ ತೆರೆದಿದ್ದರು. ಯಂತ್ರಗಳ ನಾಡಿನಲ್ಲಿಯೂ ಕೈಗೆಲಸದವರ ಪಾಡು ಒಂದೇ ಆಗಿತ್ತು. ಇವರಂಥ ಸಮಾನ ಮನಸ್ಕರು ಕೂಡಿ 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತನ್ನು ಸ್ಥಾಪಿಸಿದರು. ಅದೇ ವರ್ಷ ಭಾರತದ ಕರಕುಶಲ ಪರಿಷತ್ತೂ ಹುಟ್ಟಿತು. ನಮ್ಮ ಕರ್ನಾಟಕದಲ್ಲಿಯೂ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿಯೇ ಆರಂಭವಾಯಿತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಾವೇರಿ ಎಂಬ ಮಳಿಗೆಯನ್ನು ನೋಡಿದವರಿಗೆ ಇದರ ಪರಿಚಯವಿದೆ. ಚನ್ನಪಟ್ಟಣದ ಗೊಂಬೆ, ಮೈಸೂರಿನ ಗಂಧದ ಕೆತ್ತನೆ, ಬೀದರಿನ ಬಿದರಿ ಒಂದೇ ಸೂರಿನಡಿ ಅಲ್ಲಿ ನೋಡಸಿಗುತ್ತವೆ.

1955ರಲ್ಲಿ ಪದ್ಮಭೂಷಣ, 1966ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಹೀಗೆ ಮಾನಸನ್ಮಾನಗಳು ಅವರನ್ನು ಹುಡುಕಿಕೊಂಡು ಬಂದವು. ಭಾರತದ ಕರಕುಶಲ ಕಲೆಗಳ ಮೇಲೆ ಅನೇಕ ಗ್ರಂಥಗಳನ್ನು ಬರೆದರು. 1986ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಇಹಲೋಕ ಯಾತ್ರೆ ಮುಗಿಸಿದರು. ಐವತ್ತೆಂಟು ವರ್ಷಗಳ ಹಿಂದೆ ಒಂದು ಹಿಡಿ ಉಪ್ಪನ್ನು ಎತ್ತಿ ತೋರಿಸಿದ್ದ ಊರು ಅದೇ ಮುಂಬಯಿ.

ನಮ್ಮ ಮನೆಯ ಟ್ರಂಕು

ಈಗ ಮತ್ತೆ ನಮ್ಮ ಮನೆಗೆ ಬರೋಣ. ಶಿರೂರ ಅನಂತಪಾಳ, ನಿಲಂಗಾ, ಉಮರ್ಗಾ, ಉದಗೀರ ಈ ಭಾಗದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳ ಚೂರುಗಳನ್ನು ಕೂಡಿಸಿ ಅಜ್ಜಿಯರು ಹೊಲಿದ ಕೌದಿಗಳಿವೆ. ಇಲಕಲ್ಲ ಸೀರೆಗಳಿವೆ, ಗುಳೇದಗುಡ್ಡದ ಖಣದ ಕುಪ್ಪಸಗಳಿವೆ, ಕಂಬಳಿಗಳಿವೆ. ನೆಂಟರು ಬಂದಾಗ ನಾವು ಕೌದಿಯನ್ನು ಒಳಗಿಟ್ಟು ಅಂಗಡಿಯ ಚಾದರ ಹಾಸುತ್ತೇವೆ. ಇತ್ತ ದೊಡ್ಡ ನಗರಗಳ ಬೆಲೆಬಾಳುವ ಅಂಗಡಿಗಳಲ್ಲಿ ಅಂಥದೇ ಕೌದಿಯನ್ನು ಗಾಜಿನ ಹಿಂದೆ ತೂಗುಹಾಕಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ನಾಚಿಕೆಯಿಂದ ನಾವು ಒಳಗಿಟ್ಟದ್ದನ್ನು ಇನ್ನೊಬ್ಬರು ಹೆಮ್ಮೆಯಿಂದ ಹೊರಗಿಟ್ಟರು. ಆದರೆ ಹೊಲ ಕೆಲಸ ಮುಗಿಸಿ ಬಂದು ಕಂದೀಲಿನ ಬೆಳಕಿನಲ್ಲಿ ಅದನ್ನು ಹೊಲಿದ ಅಜ್ಜಿಯ ಹೆಸರು ಆ ಗಾಜಿನ ಮೇಲೆ ಇರುವುದಿಲ್ಲ.

ಶಾಲೆಯ ಸ್ನೇಹ ಸಮ್ಮೇಳನದ ಪ್ರದರ್ಶನಕ್ಕೆ ನಮ್ಮ ವಿದ್ಯಾರ್ಥಿಗಳು ಥರ್ಮೋಕೋಲ್ ತಂದು ಅಂಟಿಸುವ ಮೊದಲು ಮನೆಯ ಟ್ರಂಕನ್ನು ತೆರೆದು ನೋಡಲಿ. ಒಂದೇ ಒಂದು ವಸ್ತುವನ್ನು ಆರಿಸಲಿ. ಅದನ್ನು ಮಾಡಿದವರು ಯಾರು, ಯಾವ ಊರಿನವರು, ಎಷ್ಟು ದಿನ ಹಿಡಿಯಿತು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ದುಂಡಗೆ ಬರೆಯಲಿ. ಹಿಂದೆ ಒಂದು ಬಿಳಿಯ ಪಂಚೆ, ಪಕ್ಕದ ಕಿಟಕಿಯ ಬೆಳಕು, ಸುತ್ತ ಬರಿದಾದ ಜಾಗ, ಇಷ್ಟಿದ್ದರೆ ಸಾಕು. ಪಾಲಕರೂ ಆ ವಸ್ತುವನ್ನು ಹಳೆಯದೆಂದು ಅಲ್ಲಗಳೆಯದೆ ಮಕ್ಕಳ ಕೈಗೆ ಕೊಡಲಿ. ಚೀಟಿಯ ಮೇಲೆ ಮೊದಲ ಸಾಲಿನಲ್ಲಿ ಮಾಡಿದವರ ಹೆಸರಿರಲಿ, ವಸ್ತುವಿನ ಹೆಸರು ಎರಡನೆಯದಾಗಲಿ. ಅಷ್ಟು ಮಾಡಿದರೆ ಕಮಲಾದೇವಿಯವರ ಜೀವನವನ್ನು ಓದಿದ್ದು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.